ಆ ಮೊದಲ ಗಂಟೆ ಮಗು ಯಾರ ಕೈಯಲ್ಲಿರುತ್ತದೆ?

“ಹಾಲು ಇನ್ನೂ ಬಂದಿಲ್ರಿ ಸಿಸ್ಟರ್.” ಹೆರಿಗೆ ವಾರ್ಡಿನ ನರ್ಸಾದ ನನ್ನ ಕಿವಿಗೆ ದಿನವೂ ಬೀಳುವ ಮಾತಿದು. ಹೇಳುವವಳು ಬಾಣಂತಿಯಲ್ಲ, ಅವಳ ತಾಯಿಯೋ ಅತ್ತೆಯೋ. ಕೂಸು ಹುಟ್ಟಿ ಅರ್ಧ ಗಂಟೆಯೂ ಆಗಿರುವುದಿಲ್ಲ, ಅವರ ಕೈಯಲ್ಲಾಗಲೇ ಸಕ್ಕರೆ ನೀರಿನ ಲೋಟ ಇರುತ್ತದೆ.

ಅವರ ಮಾತು ಪೂರ್ತಿ ಸುಳ್ಳಲ್ಲ. ಎದೆ ತುಂಬಿ ಬಿಳಿ ಹಾಲು ಇಳಿಯಲು ಎರಡರಿಂದ ನಾಲ್ಕು ದಿನ ಹಿಡಿಯುತ್ತದೆ. ಆದರೆ ಹಳದಿಯ, ಅಂಟಂಟಾದ ಮೊದಲ ಹಾಲು ಬಸುರಿಯಿದ್ದಾಗಲೇ ತಯಾರಾಗಿರುತ್ತದೆ. ಹನಿ ಹನಿಯಾಗಿಯೇ ಬರುತ್ತದೆ; ಮೊದಲ ದಿನ ಕೂಸಿನ ಹೊಟ್ಟೆಗೆ ಒಂದು ಸಲಕ್ಕೆ ಚಮಚದಷ್ಟಿದ್ದರೆ ಸಾಕು. ರೋಗಗಳನ್ನು ತಡೆಯುವ ಪ್ರತಿಕಾಯಗಳು ಅದರಲ್ಲಿ ದಟ್ಟವಾಗಿರುತ್ತವೆ. ಅದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿಸುವವರು ಈಗಲೂ ಇದ್ದಾರೆ. ನೆರೆಮನೆಯ ಎಮ್ಮೆ ಈದರೆ ಗಿಣ್ಣದ ಹಾಲಿಗೆ ಪಾತ್ರೆ ಹಿಡಿದು ಹೋಗುವವರೂ ಅವರೇ! ಜೇನುತುಪ್ಪ ನೆಕ್ಕಿಸುವುದಂತೂ ಅಪಾಯ. ವರ್ಷ ತುಂಬದ ಮಗುವಿಗೆ ಅದರಿಂದ ಬಾಟ್ಯುಲಿಸಂ ಎಂಬ ಕಾಯಿಲೆ ಬರಬಹುದು.

ಅಜ್ಜಿಯರನ್ನು ಬೈದು ಇಲ್ಲಿಗೇ ಮುಗಿಸೋಣವೆಂದರೆ ಅಂಕಿಗಳು ಬಿಡುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015–16ರಲ್ಲಿ ದೇಶದ ಶೇ 78.9ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಾದವು. 2019–21ರ ಹೊತ್ತಿಗೆ ಅದು ಶೇ 88.6 ಆಯಿತು. ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳು? ಶೇ 41.6 ಇದ್ದದ್ದು 41.8. ಹೆರಿಗೆಯೇನೋ ನಮ್ಮಲ್ಲಿಗೆ ಬಂತು, ಮೊದಲ ಹಾಲು ಅಲ್ಲೇ ನಿಂತಿತು.

ಆ ಗಂಟೆ ನಮ್ಮಲ್ಲಿ ಕಳೆಯುವ ಬಗೆ ನೋಡಿ. ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ಕೂಸು ವಾರ್ಮರಿಗೆ. ಒರೆಸುವುದು, ತೂಗುವುದು, ಕೈಗೆ ಟ್ಯಾಗು, ವಿಟಮಿನ್ ಕೆ ಚುಚ್ಚುಮದ್ದು. ಆಮೇಲೆ ಹೊರಗೆ ಕಾದಿರುವವರಿಗೆ ತೋರಿಸಬೇಕು. ಒಬ್ಬೊಬ್ಬರೂ ಎತ್ತಿಕೊಂಡು ಮೊಬೈಲಿನಲ್ಲಿ ಫೋಟೊ. ಒಳಗೆ ತಾಯಿಗಿನ್ನೂ ಹೊಲಿಗೆ ನಡೆದಿರುತ್ತದೆ. ಪಕ್ಕದ ಟೇಬಲ್ಲಿನಲ್ಲಿ ಇನ್ನೊಬ್ಬಳಿಗೆ ನೋವು ಜೋರಾಗಿರುತ್ತದೆ, ನರ್ಸು ಒಬ್ಬಳೇ. ಹುಟ್ಟಿದ ಮಗು ಮೊದಲ ಒಂದೆರಡು ಗಂಟೆ ಎಚ್ಚರವಾಗಿದ್ದು ಬಾಯಿ ಚಪ್ಪರಿಸುತ್ತಿರುತ್ತದೆ. ತಾಯಿಯ ಬರಿಮೈ ಮೇಲೆ ಬಿಟ್ಟರೆ ತಾನೇ ತೆವಳಿ ಮೊಲೆ ಹುಡುಕಿಕೊಳ್ಳುತ್ತದೆಂದು ಸ್ವೀಡನ್ನಿನ ಸಂಶೋಧಕರು 1987ರಲ್ಲೇ ಬರೆದಿದ್ದಾರೆ. ಎಲ್ಲರ ಕೈ ದಾಟಿ ಬರುವಷ್ಟರಲ್ಲಿ ಅದು ನಿದ್ದೆಹೋಗಿರುತ್ತದೆ. “ಕುಡೀತಾನೇ ಇಲ್ಲ” ಎಂಬ ಅಪವಾದ ಬೇರೆ.

ಸಿಸೇರಿಯನ್ ಆದರೆ ಇನ್ನೂ ತಡ. ಕರ್ನಾಟಕದಲ್ಲಿ 2019–21ರ ಅದೇ ಸಮೀಕ್ಷೆಯಂತೆ ಶೇ 31.5ರಷ್ಟು ಹೆರಿಗೆಗಳು ಹೀಗೇ ಆಗಿವೆ. ಬೆನ್ನಿಗೆ ಅರಿವಳಿಕೆ ಕೊಟ್ಟ ತಾಯಿಗೆ ಎಚ್ಚರವಿರುತ್ತದೆ, ಹಾಲೂಡಿಸಬಹುದು. ಆದರೆ ಒಂದು ಕೈಯಲ್ಲಿ ಡ್ರಿಪ್, ಸೊಂಟದ ಕೆಳಗೆ ಮರಗಟ್ಟಿದ ಮೈ. ಮಗುವನ್ನು ಎದೆಗೆ ಹಿಡಿದು ನಿಲ್ಲುವವರು ಯಾರಾದರೂ ಬೇಕಲ್ಲ? “ಇಂಜೆಕ್ಷನ್ ಹಾಲಿಗೆ ಇಳೀತದ” ಎಂಬ ಭಯ ಮನೆಯವರಿಗೆ. ಆಪರೇಷನ್ನಿಗೆ ಸಾಮಾನ್ಯವಾಗಿ ಕೊಡುವ ಔಷಧಗಳಿಗಾಗಿ ಹಾಲು ನಿಲ್ಲಿಸಬೇಕಿಲ್ಲ.

ಅಷ್ಟರಲ್ಲಿ ಯಾರೋ ಮೆಡಿಕಲ್ ಶಾಪಿನಿಂದ ಪುಡಿ ಹಾಲಿನ ಡಬ್ಬಿ ತಂದಿರುತ್ತಾರೆ. ಅದರ ಜಾಹೀರಾತನ್ನು 1992ರ ಕಾಯ್ದೆ ನಿಷೇಧಿಸಿದೆ. ಗಾಬರಿಗೊಂಡ ಮನೆಯವರಿಗೆ ಜಾಹೀರಾತೇಕೆ? ಹೊಟ್ಟೆ ತುಂಬಿದ ಮಗು ಎದೆ ಚೀಪುವುದಿಲ್ಲ. ಚೀಪದಿದ್ದರೆ ಹಾಲು ಹೆಚ್ಚುವುದಿಲ್ಲ. ಮೂರನೆಯ ದಿನಕ್ಕೆ “ಹಾಲಿಲ್ಲ” ಎಂಬುದು ನಿಜವೇ ಆಗಿಬಿಡುತ್ತದೆ.

ಕೂಸು ಉಸಿರಾಡಲು ಕಷ್ಟಪಡುತ್ತಿದ್ದರೆ, ತಾಯಿಗೆ ರಕ್ತಸ್ರಾವ ನಿಲ್ಲದಿದ್ದರೆ ಮಾತು ಬೇರೆ. ಆಗಲೂ ಸಾಧ್ಯವಾದೊಡನೆ ಕೈಯಿಂದ ಹಿಂಡಿ ಒಳಲೆಯಲ್ಲಿ ಕುಡಿಸಬಹುದು. ಉಳಿದಂತೆ, ಹೆರಿಗೆಗೆ ಜೊತೆಯಲ್ಲಿ ಬರುವ ಹಿರಿಯಳಿಗೆ ನಾನು ಮೊದಲೇ ಹೇಳಿಡುತ್ತೇನೆ: “ಯಮ್ಮಾ, ಮಗುವನ್ನ ನಿಮ್ಮ ಕೈಗೆ ಕೊಟ್ಟಾಗ ಗಡಿಯಾರ ನೋಡ್ರಿ. ಅರ್ಧ ತಾಸಾದರೂ ತಾಯಿ ಹತ್ರ ಒಯ್ಯದಿದ್ರ ಬಾಗಿಲು ಬಡೀರಿ. ಒಳಗಿಂದ ಯಾರರ ಬೈದ್ರ ಬೈಸ್ಕೊಳ್ರಿ, ಹೋಗಬ್ಯಾಡ್ರಿ.”