ಕೊಲೆಗಾರ ಗೊತ್ತು, ನಿರ್ದೇಶಕ ಯಾರು?

ಲಾಸ್ ಏಂಜಲೀಸ್ ನಗರದ ರಸ್ತೆಯಲ್ಲಿ ಒಂದು ಕಾರು ಬರುತ್ತಿದೆ. ಎತ್ತರದ ಕಟ್ಟಡವೊಂದರ ಕೋಣೆಯಲ್ಲಿ ಲೇಖಕನೊಬ್ಬ ಕುಳಿತು ಟೈಪ್ ಮಾಡುತ್ತಿದ್ದಾನೆ. ಹಿನ್ನೆಲೆ ಸಂಗೀತವಿಲ್ಲ. ಕಿವಿಗೆ ಬೀಳುವುದು ಟೈಪ್‌ರೈಟರಿನ ಟಕಟಕ ಸದ್ದೊಂದೇ. ಕಾರಿನಲ್ಲಿರುವವನು ಆ ಲೇಖಕನ ಜೊತೆಗಾರ. ಇಬ್ಬರೂ ಸೇರಿ ಪತ್ತೇದಾರಿ ಕಾದಂಬರಿಗಳನ್ನು ಬರೆದು ಹೆಸರು ಮಾಡಿದವರು. ಹಾಗೆಂದು ಲೋಕ ನಂಬಿದೆ, ಅಷ್ಟೆ. ಬರೆಯುವವನು ಒಬ್ಬನೇ, ಇನ್ನೊಬ್ಬನದು ಬರೀ ಮಾತು, ನಗು, ಪ್ರಚಾರ. ಬರೆಯುವವನು ಈಗ ಜೊತೆ ಬಿಡುತ್ತೇನೆ ಎಂದಿದ್ದಾನೆ. ಕಾರಿನಲ್ಲಿ ಬರುತ್ತಿರುವವನು ಅವನನ್ನು ಕೊಲ್ಲಲು ಬರುತ್ತಿದ್ದಾನೆ.

ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1971ರ ಸೆಪ್ಟೆಂಬರ್ 15ರಂದು ಪ್ರಸಾರವಾದ 'ಮರ್ಡರ್ ಬೈ ದ ಬುಕ್' ಎಂಬ ಈ ಕಂತಿನೊಂದಿಗೆ 'ಕೊಲಂಬೊ' ಧಾರಾವಾಹಿ ಶುರುವಾಯಿತು. ಇದನ್ನು ನಿರ್ದೇಶಿಸಿದವನಿಗೆ ಆಗಿನ್ನೂ 24 ವರ್ಷ. ಹೆಸರು ಸ್ಟೀವನ್ ಸ್ಪೀಲ್‌ಬರ್ಗ್.

ಕೊಲಂಬೊ ನಿರ್ದೇಶಕರ ಮಾತು ಬಂದಾಗಲೆಲ್ಲ ಮೊದಲು ಬರುವ ಹೆಸರು ಇದೇ. ಬಹಳ ಸಲ ಕೊನೆಯ ಹೆಸರೂ ಇದೇ ಆಗಿರುತ್ತದೆ. ಆದರೆ 1968ರ ಮೊದಲ ಟಿವಿ ಚಿತ್ರದಿಂದ 2003ರ ಕೊನೆಯ ಕಂತಿನವರೆಗೆ ಒಟ್ಟು 69 ಕಥೆಗಳು ಬಂದಿವೆ. ಸ್ಪೀಲ್‌ಬರ್ಗ್ ನಿರ್ದೇಶಿಸಿದ್ದು ಅವುಗಳಲ್ಲಿ ಒಂದೇ ಒಂದನ್ನು. ಉಳಿದವುಗಳ ನಿರ್ದೇಶಕರು ಯಾರು? ಅವರೇನು ಮಾಡಿದರು?

ಗುಟ್ಟಿಲ್ಲದ ಪತ್ತೇದಾರಿ

ಮೊದಲು ಧಾರಾವಾಹಿಯ ಸ್ವರೂಪವನ್ನು ತಿಳಿಯಬೇಕು. ಸಾಮಾನ್ಯ ಪತ್ತೇದಾರಿ ಕಥೆಯಲ್ಲಿ ಕೊಲೆಗಾರ ಯಾರೆಂಬುದು ಕೊನೆಯ ಪುಟದವರೆಗೂ ಗುಟ್ಟು. ಕೊಲಂಬೊ ಕಥೆಯಲ್ಲಿ ಅದು ತಿರುಗುಮುರುಗು. ಯಾರು ಕೊಂದರು, ಹೇಗೆ ಕೊಂದರು, ಸುಳಿವನ್ನು ಹೇಗೆ ಒರೆಸಿದರು ಎಂಬುದೆಲ್ಲ ಮೊದಲ ಭಾಗದಲ್ಲೇ ನಮ್ಮ ಕಣ್ಣೆದುರು ನಡೆದುಹೋಗುತ್ತದೆ. ಆಮೇಲೆ ಸುಕ್ಕುಗಟ್ಟಿದ ಮಳೆಕೋಟು ತೊಟ್ಟು, ಕೈಯಲ್ಲೊಂದು ಸಿಗಾರ್ ಹಿಡಿದು, ಹಳೆಯ ಪ್ಯೂಜೊ ಕಾರಿನಲ್ಲಿ ಲೆಫ್ಟಿನೆಂಟ್ ಕೊಲಂಬೊ ಬರುತ್ತಾನೆ. ಕೊಲೆಗಾರರೆಲ್ಲ ಬಹುಪಾಲು ಶ್ರೀಮಂತರು, ಬುದ್ಧಿವಂತರು, ಹೆಸರಾಂತವರು. ಇವನೋ ತಲೆ ಕೆರೆದುಕೊಳ್ಳುತ್ತ, ಹೆಂಡತಿಯ ಸುದ್ದಿ ಹೇಳುತ್ತ, ಹೊರಟವನು ಬಾಗಿಲಿಂದ ತಿರುಗಿ ಬಂದು ಇನ್ನೊಂದೇ ಪ್ರಶ್ನೆ ಎನ್ನುವ ಆಸಾಮಿ.

ಈ ಬಗೆಯ ಕಥನವನ್ನು ಆರ್. ಆಸ್ಟಿನ್ ಫ್ರೀಮನ್ ಎಂಬ ಇಂಗ್ಲಿಷ್ ಲೇಖಕ 1912ರಷ್ಟು ಹಿಂದೆಯೇ ಪ್ರಯೋಗಿಸಿದ್ದ. ಕೊಲಂಬೊ ಪಾತ್ರವನ್ನು ಸೃಷ್ಟಿಸಿದ ರಿಚರ್ಡ್ ಲೆವಿನ್‌ಸನ್ ಮತ್ತು ವಿಲಿಯಂ ಲಿಂಕ್ ಫಿಲಡೆಲ್ಫಿಯಾದ ಶಾಲಾ ಗೆಳೆಯರು. ದಾಸ್ತೊಯೆವ್‌ಸ್ಕಿಯ 'ಅಪರಾಧ ಮತ್ತು ಶಿಕ್ಷೆ' ಕಾದಂಬರಿಯ ತನಿಖಾಧಿಕಾರಿ ಪೊರ್ಫಿರಿ ತಮ್ಮ ಪಾತ್ರಕ್ಕೆ ಸ್ಫೂರ್ತಿ ಎಂದು ಅವರು ಒಪ್ಪಿಕೊಂಡಿದ್ದರು.

ಹೀಗೆ ಗುಟ್ಟನ್ನು ಬಿಟ್ಟುಕೊಟ್ಟ ಮೇಲೆ ನಿರ್ದೇಶಕನ ಕೈಯಲ್ಲಿ ಏನು ಉಳಿಯುತ್ತದೆ? ಕಥೆ ಅವನದಲ್ಲ. ನಾಯಕ ಅವನು ಆರಿಸಿದವನಲ್ಲ. ಪೀಟರ್ ಫಾಕ್ ಅದಾಗಲೇ ಕೊಲಂಬೊನನ್ನು ತನ್ನದಾಗಿಸಿಕೊಂಡು ಕೂತಿದ್ದಾನೆ, ಮಳೆಕೋಟು ಕೂಡ ಅವನ ಸ್ವಂತದ್ದು. ನಿರ್ದೇಶಕ ಕೆಲವು ದಿನಗಳ ನೆಂಟ. ಪರರ ಮನೆಗೆ ಬಂದು, ಅಲ್ಲಿಯ ಪಾತ್ರೆಯಲ್ಲೇ ಅಡುಗೆ ಮಾಡಿ, ತನ್ನ ಕೈರುಚಿ ತೋರಿಸಬೇಕು. ಅವನಿಗೆ ಉಳಿದಿರುವುದು ಒಂದೇ: ಕೊಲೆಗಾರನ ಮುಖದ ಮೇಲೆ ಭಯ ಯಾವ ಕ್ಷಣದಲ್ಲಿ ಕಾಣಿಸಿಕೊಳ್ಳಬೇಕು ಎಂಬುದು. ಕೊಲಂಬೊ ಕಂತುಗಳಲ್ಲಿ ಒಳ್ಳೆಯದಕ್ಕೂ ಸಾಧಾರಣದ್ದಕ್ಕೂ ವ್ಯತ್ಯಾಸ ಇಲ್ಲೇ ಇದೆ.

ಸ್ಪೀಲ್‌ಬರ್ಗ್ ಇದನ್ನು ಬೇಗ ಹಿಡಿದ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಿನಿಮಾ ಶಾಲೆ ಅವನಿಗೆ ಪ್ರವೇಶ ಕೊಟ್ಟಿರಲಿಲ್ಲ. ಲಾಂಗ್ ಬೀಚ್‌ನಲ್ಲಿ ಸೇರಿದ್ದ ಪದವಿಯನ್ನೂ ಅರ್ಧಕ್ಕೇ ಬಿಟ್ಟು ಯೂನಿವರ್ಸಲ್ ಸ್ಟುಡಿಯೋದ ಒಪ್ಪಂದಕ್ಕೆ ಸಹಿ ಹಾಕಿದ. (ಅಪ್ಪ ಅಮ್ಮಂದಿರು ಗಾಬರಿಯಾಗಬೇಕಿಲ್ಲ, ಆ ಪದವಿಯನ್ನು 2002ರಲ್ಲಿ ಮುಗಿಸಿದ.) ಕ್ಯಾಮೆರಾ ಹಿಡಿದವನು 'ಸ್ಪಾರ್ಟಕಸ್' ಚಿತ್ರಕ್ಕೆ ಆಸ್ಕರ್ ಪಡೆದ ಹಿರಿಯ ಛಾಯಾಗ್ರಾಹಕ ರಸೆಲ್ ಮೆಟ್ಟಿ. ಒಮ್ಮೆ ಬೀದಿಯಲ್ಲಿ ನಡೆಯುತ್ತ ಮಾತಾಡುವ ದೃಶ್ಯದ ಅಭ್ಯಾಸ ನಡೆಸಿದ್ದಾಗ ಸುತ್ತ ಎಲ್ಲೂ ಕ್ಯಾಮೆರಾ ಕಾಣಲಿಲ್ಲ, ಹುಡುಗ ಅದನ್ನು ರಸ್ತೆಯಾಚೆ ಇಟ್ಟು ಉದ್ದನೆಯ ಲೆನ್ಸಿನಿಂದ ನೋಡುತ್ತಿದ್ದ ಎಂದು ಫಾಕ್ ಮುಂದೆ ನೆನೆದಿದ್ದುಂಟು. ಇವನು ಕೊಲಂಬೊಗೆ ಹೆಚ್ಚಾದ ಪ್ರತಿಭೆ ಎಂದು ಆಗಲೇ ನಿರ್ಮಾಪಕರಿಗೆ ಹೇಳಿದ್ದನಂತೆ. ಅದೇ ವರ್ಷದ ನವೆಂಬರಿನಲ್ಲಿ 'ಡ್ಯುಯಲ್' ಬಂತು, 1975ರಲ್ಲಿ 'ಜಾಸ್'. ಹುಡುಗ ಮತ್ತೆ ಈ ಮನೆಗೆ ನೆಂಟನಾಗಿ ಬರಲಿಲ್ಲ.

ಕನ್ನಡಕದ ಗಾಜಿನಲ್ಲಿ

ಸ್ಪೀಲ್‌ಬರ್ಗ್ ಕಂತಿನ ಮೂರು ವಾರಗಳ ಬಳಿಕ, ಅಕ್ಟೋಬರ್ 6ರಂದು ಬಂದ 'ಡೆತ್ ಲೆಂಡ್ಸ್ ಎ ಹ್ಯಾಂಡ್' ಕಂತಿನ ನಿರ್ದೇಶಕ ಬರ್ನಾರ್ಡ್ ಕೊವಾಲ್‌ಸ್ಕಿ. ಖಾಸಗಿ ಪತ್ತೇದಾರಿ ಸಂಸ್ಥೆಯ ಒಡೆಯನೊಬ್ಬ ಸಿಟ್ಟಿನ ಭರದಲ್ಲಿ ಹೆಂಗಸೊಬ್ಬಳನ್ನು ಹೊಡೆಯುತ್ತಾನೆ, ಅವಳು ಸಾಯುತ್ತಾಳೆ. ಈಗ ಶವ ಸಾಗಿಸಬೇಕು, ಮನೆ ಒರೆಸಬೇಕು. ಕೊವಾಲ್‌ಸ್ಕಿ ಇದನ್ನು ನೇರವಾಗಿ ತೋರಿಸಲಿಲ್ಲ. ಪರದೆಯ ತುಂಬ ನಟ ರಾಬರ್ಟ್ ಕಲ್ಪ್‌ನ ಮುಖ. ಅವನ ಕನ್ನಡಕದ ಎರಡು ಗಾಜುಗಳಲ್ಲಿ ನಡೆದುದೆಲ್ಲ ಚೂರು ಚೂರಾಗಿ ಮೂಡುತ್ತದೆ. ಮಾತಿಲ್ಲ. ಮುಖ ಅಲುಗುವುದಿಲ್ಲ. ಈ ಮನುಷ್ಯ ಗಾಬರಿಯಾಗುವವನಲ್ಲ, ಲೆಕ್ಕ ಹಾಕುವವನು ಎಂಬುದು ನೋಡುಗನಿಗೆ ಒಂದು ನಿಮಿಷದಲ್ಲಿ ಅರ್ಥವಾಗುತ್ತದೆ. ಇದರ ಸಂಕಲನಕಾರ ಎಡ್ವರ್ಡ್ ಅಬ್ರಮ್ಸ್‌ಗೆ ಎಮ್ಮಿ ಪ್ರಶಸ್ತಿ ಬಂತು. ನಿರ್ದೇಶನವೆಂದರೆ ಕ್ಯಾಮೆರಾ ಹಿಂದೆ ನಿಂತು ಕೂಗುವುದಷ್ಟೇ ಎಂದುಕೊಂಡ ವಿದ್ಯಾರ್ಥಿಗಳು ಈ ದೃಶ್ಯವನ್ನು ಎರಡು ಸಲ ನೋಡಬೇಕು.

ಪೀಟರ್ ಫಾಕ್‌ಗೂ ನಿರ್ದೇಶಿಸುವ ಆಸೆಯಿತ್ತು. ಸ್ಟುಡಿಯೋದವರೊಡನೆ ಜಗ್ಗಾಡಿ ಅವನು ದಕ್ಕಿಸಿಕೊಂಡದ್ದು ಮೊದಲ ವರ್ಷದ ಕೊನೆಯ ಕಂತು, 'ಬ್ಲೂಪ್ರಿಂಟ್ ಫಾರ್ ಮರ್ಡರ್' (1972). ಶವವನ್ನು ಕಟ್ಟಡದ ಅಡಿಪಾಯದಲ್ಲಿ ಹುಗಿದಿರಬಹುದೆಂಬ ಶಂಕೆ. ಅಗೆಯಲು ಪರವಾನಗಿ ಬೇಕು. ಕೊಲೆಯ ತನಿಖೆ ನಡೆಸುವ ಪೊಲೀಸ್ ಅಧಿಕಾರಿ ಸರ್ಕಾರಿ ಕಚೇರಿಯ ಕಿಟಕಿಯೆದುರು ಉದ್ದನೆಯ ಸಾಲಿನಲ್ಲಿ ಕಾಯುವ ದೃಶ್ಯ ನಮ್ಮವರಿಗೂ ಬಿಡಿಸಿ ಹೇಳಬೇಕಾದದ್ದಲ್ಲ. ಇಷ್ಟು ಚೆನ್ನಾಗಿ ಮಾಡಿದವನು ಮುಂದೆ ಒಂದು ಕಂತನ್ನೂ ನಿರ್ದೇಶಿಸಲಿಲ್ಲ.

ಇದರ ಜೊತೆಗೇ ಹೇಳಬೇಕಾದ ಇನ್ನೊಂದು ಹೆಸರು ಐಡಾ ಲುಪಿನೊ. 1953ರಲ್ಲೇ 'ದ ಹಿಚ್-ಹೈಕರ್' ಎಂಬ ಅಪರಾಧ ಚಿತ್ರವನ್ನು ನಿರ್ದೇಶಿಸಿದ್ದಾಕೆ. ಕೊಲಂಬೊದಲ್ಲಿ ಎರಡು ಕಂತುಗಳಲ್ಲಿ ನಟಿಸಿದಳು. ನಿರ್ದೇಶಿಸಲು ಒಂದೂ ಸಿಗಲಿಲ್ಲ.

ನಿಯಮ ಮುರಿದವನು

ನೆಂಟರಲ್ಲಿ ತುಂಟನೆಂದರೆ ಪ್ಯಾಟ್ರಿಕ್ ಮೆಕ್‌ಗೂಹನ್. ನಾಲ್ಕು ಕಂತುಗಳಲ್ಲಿ ಕೊಲೆಗಾರನಾದ, ಅವುಗಳಲ್ಲಿ ಎರಡಕ್ಕೆ ಎಮ್ಮಿ ಗೆದ್ದ; ನಿರ್ದೇಶಿಸಿದ್ದು ಐದು. 1976ರ 'ಲಾಸ್ಟ್ ಸಲ್ಯೂಟ್ ಟು ದ ಕಮೊಡೋರ್' ಕಂತಿನಲ್ಲಿ ಅವನು ಮನೆಯ ಕಂಬವನ್ನೇ ಅಲುಗಿಸಿದ. ಕೊಲೆಗಾರ ಇವನೇ ಎಂದು ನಾವು ನಂಬಿದವನು ನಡುವೆಯೇ ಕೊಲೆಯಾಗುತ್ತಾನೆ. ಕಡೆಗೆ ಹಳೆಯ ಕಾದಂಬರಿಗಳ ರೀತಿ ಎಲ್ಲರನ್ನೂ ಒಂದೆಡೆ ಕೂಡಿಸಿ ಅಪರಾಧಿಯನ್ನು ಬಯಲು ಮಾಡಲಾಗುತ್ತದೆ. ಅಭಿಮಾನಿಗಳಲ್ಲಿ ಈ ಕಂತಿನ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಧೈರ್ಯ ಮೆಚ್ಚತಕ್ಕದ್ದೇ. ಆದರೆ ಗುಟ್ಟನ್ನು ಮರಳಿ ತಂದ ಕೂಡಲೇ ಕೊಲಂಬೊ ಉಳಿದ ಪತ್ತೇದಾರರಂತೆ ಆಗಿಬಿಡುತ್ತಾನೆ. ಕೊಲೆಗಾರನ ಜೊತೆ ಬೆವರುವ ಸುಖ ನೋಡುಗನಿಗೆ ತಪ್ಪಿಹೋಗುತ್ತದೆ. ಅದೇ ಮೆಕ್‌ಗೂಹನ್ 1990ರಲ್ಲಿ ಹಳೆಯ ಕಟ್ಟಿಗೆ ಮರಳಿ 'ಅಜೆಂಡಾ ಫಾರ್ ಮರ್ಡರ್' ನಿರ್ದೇಶಿಸಿದಾಗ ಎಷ್ಟು ಬಿಗಿಯಾದ ಕಂತು ಬಂತೆಂದು ನೋಡಿದರೆ ಸಾಕು.

ಹೆಸರು ಅಳಿಸಲ್ಪಟ್ಟವರು

ಈ ನಿರ್ದೇಶಕರ ಪಟ್ಟಿಯಲ್ಲಿ ಸುಲಭಕ್ಕೆ ಕಣ್ಣಿಗೆ ಬೀಳದ ಒಂದು ಎಳೆಯಿದೆ. 1947ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು ಹಾಲಿವುಡ್‌ನಲ್ಲಿ ಕಮ್ಯುನಿಸ್ಟರನ್ನು ಹುಡುಕಲು ಹೊರಟಿತು. ಉತ್ತರಿಸಲು ನಿರಾಕರಿಸಿದ ಹತ್ತು ಮಂದಿ ಜೈಲಿಗೆ ಹೋದರು. ಅವರ ಪರವಾಗಿ ದನಿ ಎತ್ತಿದವರ, ಕೇವಲ ಅನುಮಾನಕ್ಕೆ ಒಳಗಾದವರ ಹೆಸರುಗಳು ಕಪ್ಪುಪಟ್ಟಿಗೆ ಸೇರಿದವು. ಕೋರ್ಟಿಲ್ಲ, ವಿಚಾರಣೆಯಿಲ್ಲ, ಕೆಲಸ ಮಾತ್ರ ಸಿಗುವುದಿಲ್ಲ.

ಲಿಯೊ ಪೆನ್ ಹಾಗೆ ಅವಕಾಶ ಕಳೆದುಕೊಂಡ ನಟ. ಎರಡನೆಯ ಮಹಾಯುದ್ಧದಲ್ಲಿ ವಾಯುಪಡೆಯಲ್ಲಿ ದುಡಿದು ಬಂದವನು. ಹಾಲಿವುಡ್‌ನ ಆ ಹತ್ತು ಮಂದಿಗೆ ಬೆಂಬಲ ಸೂಚಿಸಿದ. ಸಿನಿಮಾದ ಬಾಗಿಲು ಮುಚ್ಚಿತು. ಸ್ಯಾಮ್ ವನಮೇಕರ್ ಇಂಗ್ಲೆಂಡಿನಲ್ಲಿ ನೆಲೆಸಿದ. ನಾರ್ಮನ್ ಲಾಯ್ಡ್ ಕೆಲಸವಿಲ್ಲದೆ ಒದ್ದಾಡುತ್ತಿದ್ದಾಗ ಹಿಚ್‌ಕಾಕ್ ಅವನನ್ನು ತನ್ನ ಟಿವಿ ಸರಣಿಗೆ ಕರೆದುಕೊಂಡ. ಮೂವರೂ ಮುಂದೆ ಕೊಲಂಬೊ ನಿರ್ದೇಶಿಸಿದರು. ಧಾರಾವಾಹಿಗೆ ಮುನ್ನ 1971ರಲ್ಲಿ ಬಂದ ಟಿವಿ ಚಿತ್ರದಲ್ಲಿ ಕೊಲೆಗಾರ್ತಿಯಾಗಿದ್ದ ಲೀ ಗ್ರಾಂಟ್ ಕೂಡ ಹತ್ತಕ್ಕೂ ಹೆಚ್ಚು ವರ್ಷ ಕಪ್ಪುಪಟ್ಟಿಯಲ್ಲಿದ್ದವಳು.

ಲಾಯ್ಡ್ ಮಾಡಿದ 'ಲೇಡಿ ಇನ್ ವೇಟಿಂಗ್' (1971) ಅಣ್ಣನನ್ನು ಕೊಲ್ಲಲು ಹೊಂಚುಹಾಕುವ ತಂಗಿಯ ಕಥೆ. ಅವಳ ಯೋಜನೆ ಮೊದಲು ಅವಳ ಕಲ್ಪನೆಯಲ್ಲಿ ಅಚ್ಚುಕಟ್ಟಾಗಿ ನಡೆಯುತ್ತದೆ. ಆಮೇಲೆ ನಿಜವಾಗಿ ಆ ರಾತ್ರಿ ಬಂದಾಗ ಒಂದೂ ಎಣಿಸಿದಂತೆ ಆಗುವುದಿಲ್ಲ. ಒಂದೇ ಕೊಲೆಯನ್ನು ಎರಡು ಸಲ ತೋರಿಸಿ, ಎರಡರ ನಡುವಿನ ಬಿರುಕಿನಲ್ಲಿ ಕೊಲಂಬೊಗೆ ದಾರಿ ಮಾಡಿಕೊಡುತ್ತಾನೆ ಲಾಯ್ಡ್. 1914ರಲ್ಲಿ ಹುಟ್ಟಿದ ಈ ಮಹಾನುಭಾವ 2021ರವರೆಗೆ ಬದುಕಿದ್ದ! ವನಮೇಕರ್ ನಿರ್ದೇಶಿಸಿದ್ದು 1977ರ ಒಂದು ಕಂತನ್ನು. ಲಂಡನ್ನಿನಲ್ಲಿ ಶೇಕ್ಸ್‌ಪಿಯರನ ಗ್ಲೋಬ್ ರಂಗಮಂದಿರವನ್ನು ಮತ್ತೆ ಕಟ್ಟಿಸಲು ಹೋರಾಡಿದವನೂ ಅವನೇ.

ಆದರೆ ಎಲ್ಲರಿಗಿಂತ ಮೇಲಿನ ಮಣೆ ಲಿಯೊ ಪೆನ್‌ಗೆ ಸಲ್ಲಬೇಕು. (ನಟ ಶಾನ್ ಪೆನ್ ಇವನ ಮಗ.) 1973ರ 'ಎನಿ ಓಲ್ಡ್ ಪೋರ್ಟ್ ಇನ್ ಎ ಸ್ಟಾರ್ಮ್' ಇವನ ಕಂತು. ಡೊನಾಲ್ಡ್ ಪ್ಲೆಸೆನ್ಸ್ ವೈನ್ ತಯಾರಿಸುವವನ ಪಾತ್ರದಲ್ಲಿದ್ದಾನೆ. ವೈನೇ ಅವನ ದೇವರು. ಮಲತಮ್ಮ ವೈನರಿಯನ್ನು ಅಗ್ಗದ ಮಾಲು ಮಾಡುವವರಿಗೆ ಮಾರಲು ಹೊರಟಾಗ ಇವನು ಅವನನ್ನು ಹೊಡೆದು, ಕಟ್ಟಿ, ವೈನ್ ಇಡುವ ನೆಲಮಾಳಿಗೆಯಲ್ಲಿ ಗಾಳಿಯಾಡದಂತೆ ಮಾಡಿ ಊರು ಬಿಡುತ್ತಾನೆ. ಸೆಖೆಗೆ ಒಳಗಿದ್ದ ವೈನೂ ಕೆಡುತ್ತದೆ. ಕೊಲಂಬೊ ಈ ವಿದ್ಯೆಯನ್ನು ಶ್ರದ್ಧೆಯಿಂದ ಕಲಿಯುತ್ತಾನೆ. ಹೋಟೆಲಿನಲ್ಲಿ ಹಳೆಯ ಬಾಟಲೊಂದನ್ನು ಬಡಿಸಿದಾಗ ಕೊಲೆಗಾರ ಸಿಡಿದೇಳುತ್ತಾನೆ: ಇದು ಬಿಸಿಗೆ ಸಿಕ್ಕಿ ಹಾಳಾಗಿದೆ! ಬಾಟಲು ಬಂದದ್ದು ಅವನದೇ ನೆಲಮಾಳಿಗೆಯಿಂದ. ಅವನನ್ನು ಹಿಡಿದುಕೊಟ್ಟದ್ದು ಅವನ ನಾಲಗೆಯ ಪ್ರಾಮಾಣಿಕತೆ.

ಪೆನ್ ಇಲ್ಲಿ ಚಮತ್ಕಾರದ ಒಂದು ಕೋನವನ್ನೂ ಹುಡುಕಿಲ್ಲ. ಇಬ್ಬರು ನಟರನ್ನು ಎದುರುಬದುರು ಕೂರಿಸಿ ಕಾದಿದ್ದಾನೆ, ಅಷ್ಟೆ. ತಾನೇ ನಟನಾಗಿದ್ದುದರಿಂದ ಮುಖಕ್ಕೆ ಎಷ್ಟು ಹೊತ್ತು ಕೊಡಬೇಕೆಂದು ಅವನಿಗೆ ಗೊತ್ತಿತ್ತು. ಕಡೆಯಲ್ಲಿ ಅಪರಾಧಿಯನ್ನು ಕರೆದೊಯ್ಯುವ ಮುನ್ನ ಕೊಲಂಬೊ ತನ್ನ ಲಟಾರಿ ಕಾರಿನಲ್ಲಿ ಒಂದು ಬಾಟಲು ತೆಗೆಯುತ್ತಾನೆ. ಕೊಲೆಗಾರ ಹೆಸರು ನೋಡಿ ತಲೆದೂಗುತ್ತಾನೆ. ಶಿಷ್ಯ ಚೆನ್ನಾಗಿ ಕಲಿತಿದ್ದಾನೆ ಎಂಬ ಮೆಚ್ಚುಗೆ. ಬೇಡಿ ಇಲ್ಲ, ಬೈಗುಳ ಇಲ್ಲ. ಇಬ್ಬರು ಜಾಣರು ಒಂದೊಂದು ಗುಟುಕು ಕುಡಿಯುತ್ತಾರೆ.

ಪೆನ್‌ನನ್ನು ಆಮೇಲೂ ಕರೆದರು. ಎನ್‌ಬಿಸಿಯಲ್ಲಿ ಧಾರಾವಾಹಿ ಮುಗಿದದ್ದು ಅವನ 'ದ ಕಾನ್‌ಸ್ಪಿರೇಟರ್ಸ್' (1978) ಕಂತಿನಿಂದ. ಹನ್ನೊಂದು ವರ್ಷಗಳ ನಂತರ, 1989ರ ಫೆಬ್ರವರಿಯಲ್ಲಿ ಎಬಿಸಿ ವಾಹಿನಿ ಕೊಲಂಬೊನನ್ನು ಮತ್ತೆ ತಂದಾಗ ಮೊದಲ ಕಂತನ್ನು ನಿರ್ದೇಶಿಸಿದ್ದೂ ಪೆನ್ ಎಂಬುದು ಗಮನಾರ್ಹ. ಅವನು ತೀರಿಕೊಂಡದ್ದು 1998ರಲ್ಲಿ.

1978ರ ಆ ಕಂತಿನ ಕೊಲೆಗಾರ ಒಬ್ಬ ಐರಿಷ್ ಕವಿ. ಕುಡಿಯಲು ಕೂತಾಗ ಬಾಟಲಿನ ಗಾಜಿನ ಮೇಲೆ ಉಂಗುರದ ವಜ್ರದಿಂದ ಗೆರೆ ಎಳೆದು, ಇಲ್ಲಿಯವರೆಗೆ, ಇದರಾಚೆ ಇಲ್ಲ ಎನ್ನುವುದು ಅವನ ರೂಢಿ. ಎಲ್ಲ ಮುಗಿದ ಮೇಲೆ ಅದೇ ಮಾತನ್ನು ಕೊಲಂಬೊ ಹೇಳುತ್ತಾನೆ. ಲೋಟಗಳು ತುಂಬುತ್ತವೆ.