ಮೂರು ತರಗತಿ, ಒಂದು ಕೋಣೆ, ಐದು ತಟ್ಟೆ

ಕಂದಾಯದ ಲೆಕ್ಕದಲ್ಲಿ ತುಮಕೂರು ಒಂದೇ ಜಿಲ್ಲೆ, ಶಾಲೆಯ ಲೆಕ್ಕದಲ್ಲಿ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಹೊರಗಿನವರ ಕಣ್ಣಿಗೆ ಈ ಹೆಸರು ಬೀಳುವುದು ವರ್ಷಕ್ಕೊಮ್ಮೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ. ಎಷ್ಟನೇ ಸ್ಥಾನ, ಏರಿತೋ ಇಳಿಯಿತೋ ಎಂಬ ಮಾತು ನಾಲ್ಕು ದಿನ ನಡೆದು ತಣ್ಣಗಾಗುತ್ತದೆ. ಆ ಮಕ್ಕಳು ಅಕ್ಷರ ಕೂಡಿಸಿ ಓದಲು ಕಲಿತದ್ದು ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಸರ್ಕಾರಿ ಶಾಲೆಗೆ ಹೋದವರಲ್ಲಿ ಬಹುಪಾಲು ಮಕ್ಕಳಿಗೆ ಅದು ನಲಿ–ಕಲಿ ಕೋಣೆ.

ಹಳ್ಳಿ ಶಾಲೆಯ ಆ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಟ್ಟಿಗೆ ನೆಲದ ಮೇಲೆ ಕೂರುತ್ತಾರೆ. ಗೋಡೆಯ ಕೆಳಭಾಗಕ್ಕೆ ಮಗುವಿನ ಕೈಗೆಟಕುವಷ್ಟು ಎತ್ತರದವರೆಗೆ ಕಪ್ಪು ಬಣ್ಣ. ಅದರಲ್ಲಿ ಒಬ್ಬೊಬ್ಬರಿಗೂ ಒಂದು ಜಾಗ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರ ತುಂಬ ಮಕ್ಕಳು ಬಿಡಿಸಿದ ಚಿತ್ರ, ಕತ್ತರಿಸಿದ ಕಾಗದ. ಪಠ್ಯಪುಸ್ತಕದ ಬದಲು ಕಾರ್ಡುಗಳು, ಅಭ್ಯಾಸ ಪುಸ್ತಕ. ಎಣಿಕೆಗೆ ಹುಣಸೆಬೀಜ, ಬೆಣಚುಕಲ್ಲು, ಕಡ್ಡಿ. ಇವಕ್ಕೆ ಈ ಸೀಮೆಯಲ್ಲಿ ಬರವೆಂಬುದೇ ಇಲ್ಲ.

ಅಕ್ಷರ ಶುರುವಾಗುವುದು ಅ ಆ ಇ ಈ ಇಂದಲ್ಲ. ರ, ಗ, ಸ, ದ, ಅ ಇಂದ. ಬರೆಯಲು ಸುಲಭವಾದವು, ಒಂದರ ತಿರುವು ಇನ್ನೊಂದಕ್ಕೆ ಒದಗುವಂಥವು ಮೊದಲು. ಈ ಐದು ಬಂದರೆ ಸಾಕು. ಸರ, ಅರಸ, ಅಗಸ, ದಸರ ಎಲ್ಲ ಓದಬಹುದು, ಗರಗಸವನ್ನೂ! ನಲವತ್ತೊಂಬತ್ತು ಅಕ್ಷರ ಮುಗಿಯುವ ತನಕ ಕಾಯಬೇಕಿಲ್ಲ. ಮೊಮ್ಮಗನಿಗೆ ಅ ಆ ಇ ಈ ಸಾಲಾಗಿ ಹೇಳಲು ಬರಲಿಲ್ಲವೆಂದು ಮನೆಯಲ್ಲಿ ಅಜ್ಜ ಗದರಿದರೆ ಅದು ಬೇರೆ ಮಾತು.

ನೆಲದ ಮೇಲೆ ಐದು ತಟ್ಟೆಗಳ ಸುತ್ತ ಐದು ಗುಂಪು. ಮೊದಲನೆಯದರಲ್ಲಿ ಪೂರ್ತಿ ಮೇಷ್ಟ್ರ ನೆರವು, ಎರಡನೆಯದರಲ್ಲಿ ಸ್ವಲ್ಪ. ಮೂರು, ನಾಲ್ಕರಲ್ಲಿ ಜೊತೆಯ ಮಕ್ಕಳೇ ಹೇಳಿಕೊಡುತ್ತಾರೆ. ಐದನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ನೋಡಿ, ಅಲ್ಲಿರುವ ಚಿತ್ರದ ಗುರುತು ಹಿಡಿದು, ಕಾರ್ಡನ್ನು ತಾನೇ ಎತ್ತಿಕೊಂಡು ಬಂದು ಕೂರುತ್ತದೆ. ಹಾಗಾಗಿ ಒಂದೇ ತಟ್ಟೆಯ ಸುತ್ತ ಆರು ವರ್ಷದವನೂ ಎಂಟು ವರ್ಷದವಳೂ ಸಿಗುತ್ತಾರೆ.

ಪಾವಗಡಕ್ಕೆ ಇದು ಎಷ್ಟು ಒಗ್ಗುತ್ತದೆಂಬುದು ನಕ್ಷೆ ನೋಡಿದರೇ ತಿಳಿಯುತ್ತದೆ. ತಾಲ್ಲೂಕನ್ನು ಹೆಚ್ಚೂಕಡಿಮೆ ಸುತ್ತಲೂ ಆಂಧ್ರ ತಬ್ಬಿಕೊಂಡಿದೆ. ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ತಾಂಡಾದ ಮಗುವಿನದು ಲಂಬಾಣಿ, ಶಿರಾ ಪೇಟೆಯ ಕೆಲವು ಬೀದಿಗಳಲ್ಲಿ ಉರ್ದು. ಕೋಳಿಯ ಚಿತ್ರ ಕಂಡು ಒಬ್ಬಳು ‘ಕೋಡಿ’ ಅನ್ನುತ್ತಾಳೆ, ಪಕ್ಕದವನು ‘ಕೋಳಿ ಕಣೇ’ ಅನ್ನುತ್ತಾನೆ. ಪಾಠ ಅಲ್ಲಿಗೇ ಆಯಿತು. ಮೂರನೇ ತಟ್ಟೆ ಇರುವುದೇ ಅದಕ್ಕೆ.

ಪದ್ಧತಿ ಹುಟ್ಟಿದ್ದು 1995ರಲ್ಲಿ, ಹೆಗ್ಗಡದೇವನಕೋಟೆಯ ಕೆಲವು ಶಾಲೆಗಳಲ್ಲಿ, ಯುನಿಸೆಫ್ ನೆರವಿನಿಂದ. ಅಲ್ಲಿನ ಮೇಷ್ಟ್ರುಗಳು ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದು, ತಾವೇ ಕೂತು ಕಾರ್ಡು ಬರೆದರು. ಸರ್ಕಾರದ ಯೋಜನೆಯೊಂದು ಮೇಷ್ಟ್ರ ಕೈಯಿಂದ ಮೇಲಕ್ಕೆ ಹೋದ ಅಪರೂಪದ ಉದಾಹರಣೆ ಇದು. 2009–10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಕೊಲಂಬಿಯಾದ ಗುಡ್ಡಗಾಡಿನ ಏಕೋಪಾಧ್ಯಾಯ ಶಾಲೆಗಳಲ್ಲೂ 1970ರ ದಶಕದಿಂದ ಇಂಥದ್ದೇ ಕ್ರಮವಿದೆ.

ನನ್ನ ಮಟ್ಟಿಗೆ ಇದರ ದೊಡ್ಡ ಗುಣ ಗೈರುಹಾಜರಿಯನ್ನು ಸಹಿಸಿಕೊಳ್ಳುವುದು. ಮಳೆ ಕೈಕೊಟ್ಟ ವರ್ಷ ಪಾವಗಡದ ಎಷ್ಟೋ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತವೆ, ಮಕ್ಕಳೂ ಜೊತೆಗೆ. ಸಾಮಾನ್ಯ ತರಗತಿಯಲ್ಲಿ ಎರಡು ತಿಂಗಳು ಬಿಟ್ಟು ಬಂದವನು ಕೊನೆಯ ಬೆಂಚಿನವನಾಗುತ್ತಾನೆ. ಇಲ್ಲಿ ಏಣಿಯಲ್ಲಿ ನಿಂತ ಮೆಟ್ಟಿಲಿಂದಲೇ ಮುಂದುವರಿಯುತ್ತಾನೆ. ಫೇಲು ಎಂಬ ಮಾತಿಲ್ಲ.

ಅಂಗವಿಕಲ ಮಕ್ಕಳಿಗೂ ಏಣಿ ಇದೇ, ಹತ್ತುವ ವೇಗ ಅವರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯವನ್ನು ಗುರುತಿಸಿ, ಹೆಚ್ಚಿನ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಶಾಲೆಗೆ ಬರಲಾಗದವರಿಗೆ ಗೃಹಾಧಾರಿತ ಶಿಕ್ಷಣವಿದೆ, ಮನೆಗೆ ಹೋಗಿ ಕಲಿಸುವ ಸಂಪನ್ಮೂಲ ಶಿಕ್ಷಕರಿದ್ದಾರೆ. ಆದರೆ ಅವರು ಇರುವುದು ತಾಲ್ಲೂಕಿನ ಲೆಕ್ಕದಲ್ಲಿ, ಹಳ್ಳಿಗಳೋ ನೂರಾರು. ಕಾರ್ಡುಗಳೂ ಬಹುಪಾಲು ಚಿತ್ರವನ್ನೇ ನಂಬಿಕೊಂಡಿವೆ, ಕಣ್ಣು ಕಾಣದ ಮಗುವಿಗೆ ಅವು ಬರಿಯ ರಟ್ಟು. ಅದರ ಕೈಗೆ ನಿಜಕ್ಕೂ ಒದಗುವುದು ಹುಣಸೆಬೀಜವೇ.

ದೂರುಗಳಿಗೇನೂ ಕಮ್ಮಿಯಿಲ್ಲ. ಐದು ಗುಂಪಿಗೆ ಮೇಷ್ಟ್ರು ಒಬ್ಬರೇ. ಅವರು ಸಭೆ, ಸಮೀಕ್ಷೆ, ಚುನಾವಣೆ ಕೆಲಸವೆಂದು ಹೊರಟರೆ ಐದೂ ತಟ್ಟೆ ಸ್ವಕಲಿಕೆಯ ತಟ್ಟೆಗಳೇ. ‘ಬರೀ ಹಾಡು, ಆಟ, ಹೋಂವರ್ಕೇ ಇಲ್ಲ’ ಎನ್ನುವ ಪೋಷಕರು ಕಾನ್ವೆಂಟಿನ ವ್ಯಾನಿಗೆ ಕೈ ತೋರಿಸುತ್ತಾರೆ. ನಾಲ್ಕನೇ ತರಗತಿಯಲ್ಲಿ ತಟ್ಟೆಗಳು ಮಾಯವಾಗಿ ಎಲ್ಲರಿಗೂ ಒಂದೇ ದಿನ ಒಂದೇ ಪುಟದ ಪಾಠ. ಆ ಜಿಗಿತಕ್ಕೆ ಸೇತುವೆ ಕಟ್ಟುವ ಕೆಲಸ ಇನ್ನೂ ಸರಿಯಾಗಿ ಆಗಿಲ್ಲ.

ಆಟವೋ ಪಾಠವೋ ಎಂಬ ಅನುಮಾನವಿದ್ದವರು ಶಾಲೆಗೆ ಹೋಗಿ ಗೋಡೆಯ ಮೇಲಿನ ‘ಪ್ರಗತಿ ನೋಟ’ ನೋಡಬಹುದು. ಯಾವ ಮಗು ಯಾವ ಮೈಲಿಗಲ್ಲು ದಾಟಿದೆ ಎಂಬುದು ಹೆಸರಿನ ಮುಂದೆಯೇ ಇರುತ್ತದೆ. ಅರ್ಥವಾಗದಿದ್ದರೆ ಮಗುವನ್ನೇ ಕೇಳಿದರಾಯಿತು, ಬೆರಳಿಟ್ಟು ತೋರಿಸುತ್ತದೆ.