ಒಂದೇ ಎಸ್‌ಎಂಎಸ್ ಸಂಖ್ಯೆ, ಹಲವು ಉದ್ದಿಮೆಗಳು: ನಿಮ್ಮ ಉತ್ತರ ಯಾರಿಗೆ ತಲುಪುತ್ತದೆ?

ಕಾವೂರಿನ ಆಸುಪಾಸಿನ ಅಡಿಕೆ ಬೆಳೆಗಾರರಿಗೆ ಮಳೆಗಾಲದಲ್ಲಿ ದೊರೆಯುವ ಬಿಸಿಲಿನ ಬಿಡುವು ಅಲ್ಪ. ಕೊಳೆರೋಗದ ಹತೋಟಿಗೆ ಶೇ. 1ರ ಬೋರ್ಡೋ ದ್ರಾವಣವನ್ನು ಮುಂಗಾರಿಗೆ ಮುನ್ನ ಒಮ್ಮೆ, 40ರಿಂದ 45 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸಬೇಕು. ಸಿಂಪಡಣೆ ತಂಡಕ್ಕೆ ನೀವು ನೀಡಿದ ಒಪ್ಪಿಗೆ ಬೇರೆಡೆಗೆ ಹೋದರೆ ಆ ಬಿಡುವು ಕೈತಪ್ಪುತ್ತದೆ. ಹಲವು ಉದ್ದಿಮೆಗಳು ಒಂದೇ ಸಂಖ್ಯೆಯನ್ನು ಹಂಚಿಕೊಂಡಾಗ ಹೀಗಾಗುವ ಸಂಭವವಿದೆ.

ಗೊಂದಲಕ್ಕೆ ಕಾರಣ

ಎಸ್‌ಎಂಎಸ್ ಕಳುಹಿಸಿದವರ ಸಂಖ್ಯೆ, ಪಡೆಯುವವರ ಸಂಖ್ಯೆ, ಸಮಯ ಮತ್ತು ಪಠ್ಯವನ್ನು ಒಯ್ಯುತ್ತದೆ. ಅದು ಯಾವ ಸಂದೇಶಕ್ಕೆ ಉತ್ತರವೆಂಬುದನ್ನು ತಿಳಿಸುವುದಿಲ್ಲ. ಉದಾಹರಣೆಗೆ, ಒಂದೇ ಸಂಖ್ಯೆಯಿಂದ ಬೆಳಿಗ್ಗೆ ಸಿಂಪಡಣೆ ತಂಡವು "ನಾಳೆ ಬರಬಹುದೇ?" ಎಂದೂ, ಮಧ್ಯಾಹ್ನ ನರ್ಸರಿಯು "ಸಸಿ ಬೇಕೇ?" ಎಂದೂ ಕೇಳಿದೆ ಎನ್ನೋಣ. ಸಂಜೆ ನೀವು "ಹೌದು" ಎಂದಷ್ಟೇ ಬರೆದರೆ, ಕೊನೆಯ ಸಂದೇಶವನ್ನು ಆಧರಿಸುವ ವ್ಯವಸ್ಥೆಯು ಅದನ್ನು ನರ್ಸರಿಗೆ ತಲುಪಿಸುತ್ತದೆ.

ಸಂಕೇತಪದದ ವಿಧಾನ

ಕೇಂದ್ರ ಸರ್ಕಾರದ ಮೊಬೈಲ್ ಸೇವಾ ಯೋಜನೆಯಲ್ಲಿ ಹಲವು ಇಲಾಖೆಗಳು 51969 ಎಂಬ ಕಿರುಸಂಖ್ಯೆಯನ್ನು ಹಂಚಿಕೊಂಡಿದ್ದವು. ಸಂದೇಶದ ಮೊದಲ ಪದವೇ ಇಲಾಖೆಯನ್ನು ಗುರುತಿಸುತ್ತಿತ್ತು. 2013ರ ಜುಲೈ 16ರಂದು ಲೋಕಾರ್ಪಣೆಗೊಂಡ ಎಂ-ಕಿಸಾನ್ ಪೋರ್ಟಲ್‌ನಲ್ಲಿ ನೋಂದಣಿ ಸಂದೇಶವು "ಕಿಸಾನ್" ಎಂಬ ಪದದಿಂದ ಆರಂಭವಾಗುತ್ತಿತ್ತು.

ಸಂಖ್ಯೆ ಹಂಚಿಕೊಳ್ಳುವ ಉದ್ದಿಮೆಗಳು ಗಮನಿಸಬೇಕಾದ ಅಂಶಗಳು

• ಪ್ರತಿ ಉದ್ದಿಮೆಗೂ ಪ್ರತ್ಯೇಕ, ಚಿಕ್ಕ ಸಂಕೇತಪದವಿರಲಿ. ಕನ್ನಡ ಲಿಪಿಯಲ್ಲಿ ಒಂದು ಎಸ್‌ಎಂಎಸ್‌ಗೆ 70 ಅಕ್ಷರಗಳ ಮಿತಿಯಿದ್ದು, ಕಾಗುಣಿತ ಚಿಹ್ನೆಗಳೂ ಪ್ರತ್ಯೇಕವಾಗಿ ಎಣಿಕೆಯಾಗುತ್ತವೆ.
• ಸಂಕೇತಪದವನ್ನು ಕನ್ನಡದಲ್ಲಿ ಬರೆದರೂ ಇಂಗ್ಲಿಷಿನಲ್ಲಿ ಬರೆದರೂ ವ್ಯವಸ್ಥೆ ಸ್ವೀಕರಿಸಲಿ.
• ಉತ್ತರ ಅಸ್ಪಷ್ಟವಾಗಿದ್ದರೆ ಊಹಿಸಬಾರದು. "ಸಿಂಪಡಣೆಗೆ 1, ಸಸಿಗೆ 2 ಎಂದು ಕಳುಹಿಸಿ" ಎಂದು ಮರಳಿ ಕೇಳಬೇಕು.
• ಸಾಧ್ಯವಾದರೆ, ಒಬ್ಬನೇ ಗ್ರಾಹಕನಿರುವ ಎರಡು ಉದ್ದಿಮೆಗಳು ಅವನಿಗೆ ಬೇರೆ ಬೇರೆ ಸಂಖ್ಯೆಗಳಿಂದ ಸಂದೇಶ ಕಳುಹಿಸಬೇಕು. ಆಗ ಗೊಂದಲವೇ ಉಂಟಾಗದು.
• ಗ್ರಾಹಕರು ಒಂದು ಉದ್ದಿಮೆಯ ಸಂದೇಶ ಬೇಡವೆಂದಾಗ ಉಳಿದವುಗಳ ಸಂದೇಶ ನಿಲ್ಲಬಾರದು.

ಬೆಳೆಗಾರರು ಅನುಸರಿಸಬೇಕಾದ ಕ್ರಮ

ಕೇವಲ "ಹೌದು" ಎನ್ನದೆ "ಸಿಂಪಡಣೆ ಹೌದು" ಎಂದು ಬರೆಯಿರಿ. ಉದ್ದಿಮೆಯ ಹೆಸರಿರುವ ದೃಢೀಕರಣ ಸಂದೇಶ ಬರುವವರೆಗೆ ಕೆಲಸ ನಿಗದಿಯಾಯಿತೆಂದು ಭಾವಿಸಬೇಡಿ. ಅಂಕಿಗಳ ಬದಲು ಅಕ್ಷರಗಳ ಹೆಸರಿನಿಂದ ಬರುವ ವಾಣಿಜ್ಯ ಸಂದೇಶಗಳಿಗೆ ನೇರವಾಗಿ ಉತ್ತರಿಸಲಾಗದು. ಅದರಲ್ಲಿ ಸೂಚಿಸಿದ ಸಂಖ್ಯೆಯನ್ನೇ ಬಳಸಿ. ಹಂಚಿಕೊಂಡ ಸಂಖ್ಯೆಗೆ ಓಟಿಪಿ ಅಥವಾ ಬ್ಯಾಂಕ್ ವಿವರಗಳನ್ನು ಎಂದಿಗೂ ಕಳುಹಿಸಬೇಡಿ. ಸಿಂಪಡಣೆಯಂತಹ ತುರ್ತು ಕೆಲಸಕ್ಕೆ ಸಂದೇಶದ ಜೊತೆಗೆ ಒಂದು ಕರೆಯನ್ನೂ ಮಾಡುವುದು ಸೂಕ್ತ.